ಚಿತ್ರದಲ್ಲಿದ್ದ ನರಿ, ಪೆಟ್ಟಿಗೆಯಲ್ಲಿ ಬಂದ ನರಿ

ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಪ್ರತಿ ಬೇಸಿಗೆ ಕೆಲವು ದಿನ ನೀಲಿ ತೋಳಗಳು ಕಾಫಿ ಅಂಗಡಿ ಮುಂದೆ ಸಾಲು ನಿಲ್ಲುತ್ತವೆ, ಗುಲಾಬಿ ನರಿಗಳು ಸಿಗ್ನಲ್ ನೋಡಿಕೊಂಡು ರಸ್ತೆ ದಾಟುತ್ತವೆ. ಊರಿನವರು ಮಕ್ಕಳನ್ನು ಕರೆದುಕೊಂಡು ಇವುಗಳ ಮೆರವಣಿಗೆ ನೋಡಲು ಬರುತ್ತಾರೆ. 2006ರಿಂದ ಅಲ್ಲಿ ಸೇರುತ್ತಿರುವ ಆಂಥ್ರೋಕಾನ್ ಸಮಾವೇಶದ ಅತಿಥಿಗಳಿವರು. ಮನುಷ್ಯರಂತೆ ನಡೆದಾಡುವ, ಮಾತಾಡುವ ಪ್ರಾಣಿಪಾತ್ರಗಳ ಮೇಲೆ ಒಲವಿರುವ, ಎಷ್ಟೋ ಸಲ ತಮಗಾಗಿಯೇ ಅಂಥದ್ದೊಂದು ಪಾತ್ರವನ್ನು ಕಲ್ಪಿಸಿಕೊಂಡಿರುವ ಈ ಬಳಗವನ್ನು ಫರಿಗಳು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ 1989ರಲ್ಲಿ ಸೇರಿದ ಪುಟ್ಟ ಸಭೆಯಿಂದ ಶುರುವಾದ ಇವರ ಸಮಾವೇಶಗಳು ಇಂದು ಷಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಾವಿರಾರು ಜನರನ್ನು ಸೇರಿಸುತ್ತಿವೆ.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಬಳಿ ಮೈತುಂಬ ತೊಡುವ ವೇಷ ಇರುವುದಿಲ್ಲ. ಕಾರಣ ಬೆಲೆ. ಒಳ್ಳೆಯ ಕೈಯಲ್ಲಿ ಮಾಡಿಸಿದ ಬರೀ ತಲೆಗೇ ಸಾವಿರ ಡಾಲರ್ ದಾಟುತ್ತದೆ. ತಲೆ, ಪಂಜ, ಬಾಲ, ಪಾದ, ಮೈ ಎಲ್ಲ ಸೇರಿದ ಪೂರ್ತಿ ಫರ್‌ಸೂಟ್‌ಗೆ ಮೂರು ನಾಲ್ಕು ಸಾವಿರದಿಂದ ಶುರುವಾಗಿ, ಹೆಸರು ಮಾಡಿದವರಲ್ಲಿ ಹತ್ತು ಸಾವಿರದ ಹತ್ತಿರಕ್ಕೂ ಹೋಗುತ್ತದೆ. ಅಂಗಡಿಯಲ್ಲಿ ತೂಗುಹಾಕಿದ್ದನ್ನು ನೋಡಿ ತರುವಂತಿಲ್ಲ. ಪಾತ್ರ ಗಿರಾಕಿಯದ್ದೇ, ಬಣ್ಣ ಅವರದ್ದೇ, ಅಳತೆಯೂ ಅವರದ್ದೇ. ಮುಂಗಡ ಕೊಟ್ಟು, ಸರದಿಯಲ್ಲಿ ನಿಂತು, ಒಂದೋ ಎರಡೋ ವರ್ಷ ಕಾಯಬೇಕು. ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ ಎಸೆಯುವ ಪ್ರಶ್ನೆ ಒಂದೇ: ಅಷ್ಟು ದುಡ್ಡು, ಅಷ್ಟು ಕಾಲ ಸುರಿದ ಮೇಲೆ ಪೆಟ್ಟಿಗೆ ಬಿಚ್ಚಿ ನೋಡಿದರೆ ನರಿಯ ಮುಖ ಬೆಕ್ಕಿನಂತಿದ್ದರೆ ಏನು ಮಾಡುವುದು?

ಉತ್ತರ ಪೆಟ್ಟಿಗೆಯ ಹತ್ತಿರ ಇಲ್ಲ. ಈ ಕಸುಬಿನಲ್ಲಿ ತಪ್ಪಿನ ಗಾತ್ರವನ್ನು ತೀರ್ಮಾನಿಸುವುದು ಅದು ಯಾವ ಹಂತದಲ್ಲಿ ಕಣ್ಣಿಗೆ ಬಿತ್ತು ಎಂಬುದು. ತಲೆ ಇನ್ನೂ ಬರೀ ಫೋಮ್ ಆಗಿರುವಾಗ ಮೂತಿ ಉದ್ದವಾಯಿತು ಅಂದರೆ ಕತ್ತರಿ ಹಿಡಿದು ಸಂಜೆಯೊಳಗೆ ಸರಿಮಾಡಬಹುದು. ತುಪ್ಪಳ ಅಂಟಿಸಿದ ಮೇಲೆ ಅದೇ ಮಾತು ಬಂದರೆ ಕಿತ್ತು, ಹೊಸ ಬಟ್ಟೆ ತರಿಸಿ, ವಾರಗಟ್ಟಲೆ ಕೂರಬೇಕು. ಪೆಟ್ಟಿಗೆ ಸಾಗರ ದಾಟಿ ಹೋದ ಮೇಲೆ ಬಂದರೆ ಸಾಗಣೆ, ಸುಂಕ, ಜಗಳ ಮೂರೂ ಕೂಡುತ್ತವೆ. ಹಾಗಾಗಿ ತಯಾರಕರ ನಿಜವಾದ ಜಾಣತನ ಹೊಲಿಗೆಯಲ್ಲಿ ಎಷ್ಟಿದೆಯೋ, ತಪ್ಪನ್ನು ಬೇಗ ಹೊರಗೆಳೆಯುವುದರಲ್ಲೂ ಅಷ್ಟೇ ಇದೆ.

ಗಿರಾಕಿ ಮೊದಲು ಕೊಡುವುದು ರೆಫರೆನ್ಸ್ ಶೀಟ್. ಪಾತ್ರವನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಬರೆದು, ಬಳಸಿದ ಬಣ್ಣಗಳನ್ನು ಚುಕ್ಕೆ ಚುಕ್ಕೆಯಾಗಿ ಪಕ್ಕದಲ್ಲಿಟ್ಟ ಹಾಳೆ ಅದು. ಕಾಗದದ ಮೇಲೆ ನರಿಯ ಕಾಲು ಕಡ್ಡಿಯಷ್ಟು ಸಣ್ಣಗಿರಬಹುದು, ಕಣ್ಣು ಮುಖದ ಅರ್ಧವನ್ನು ನುಂಗಬಹುದು, ನೋಟ ಪುಟಕ್ಕೊಂದು ಥರ ಇರಬಹುದು. ವೇಷದೊಳಗೆ ಹೋಗುವುದು ಮಾತ್ರ ಮನುಷ್ಯ. ಅವನಿಗೆ ಮೊಣಕಾಲಿದೆ, ಹೊಟ್ಟೆಯಿದೆ, ಉಸಿರಾಡಬೇಕಾದ ಮೂಗಿದೆ. ನಾಯಿಯ ಹಿಂಗಾಲಿನ ಬಾಗು ತೋರಿಸಬೇಕಾದರೆ ತೊಡೆಗೂ ಮೀನಖಂಡಕ್ಕೂ ಒಳಗಡೆ ದಿಂಬು ಕಟ್ಟಬೇಕು. ಕಟ್ಟಿದರೆ ಕಾಲು ದಪ್ಪವಾಗುತ್ತದೆ. ಚಿತ್ರದ ತೆಳು ಸೊಂಟವನ್ನೂ ಈ ಬಾಗನ್ನೂ ಒಟ್ಟಿಗೆ ಕೇಳಿದವರಿಗೆ ಅದು ಆಗದ ಮಾತು ಎಂದು ಮೊದಲ ದಿನವೇ ಹೇಳುವ ತಯಾರಕರು ಇಬ್ಬರು ಗಿರಾಕಿಗಳನ್ನು ಕಳೆದುಕೊಳ್ಳಬಹುದು, ಆದರೆ ಇಪ್ಪತ್ತು ತಕರಾರುಗಳಿಂದ ಪಾರಾಗುತ್ತಾರೆ.

ಎಡ ಬಲದ ಕತೆ ಇನ್ನೂ ಸ್ವಾರಸ್ಯದ್ದು. ಪಾತ್ರದ ಎಡಗಣ್ಣಿನ ಸುತ್ತ ಕಪ್ಪು ಮಚ್ಚೆ ಎಂದು ಗಿರಾಕಿ ಬರೆಯುತ್ತಾರೆ. ಯಾರ ಎಡ? ಪಾತ್ರದ ಎಡವೋ, ಚಿತ್ರ ನೋಡುವವರ ಎಡವೋ? ಒಂದು ಪಕ್ಕದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ಇನ್ನೊಂದು ಪಕ್ಕದ ಚಿತ್ರ ಮಾಡಿಕೊಂಡ ಕಲಾವಿದರಿಂದ ಮಚ್ಚೆ ಎರಡು ಕಡೆಯೂ ಕಾಣಿಸಿಕೊಂಡ ಹಾಳೆಗಳು ಬರುತ್ತವೆ. ಅದನ್ನು ಗಮನಿಸಿ ಕೇಳದೆ ಕತ್ತರಿಸಿದರೆ ತಪ್ಪು ಯಾರದ್ದು? ಹಾಳೆ ಗಿರಾಕಿಯದ್ದು ನಿಜ. ಆದರೆ ನೂರು ಹಾಳೆ ನೋಡಿದ ಕಣ್ಣು ತಯಾರಕರದ್ದು. ಇಂಥ ಕಡೆ ಕೇಳುವ ಹೊಣೆ ಬಲ್ಲವರ ಮೇಲೆಯೇ ಹೆಚ್ಚು ಬೀಳಬೇಕು. ಅನುಭವಸ್ಥರು ಬರೀ ಮಾತಿನಲ್ಲಿ ಒಪ್ಪಿಗೆ ಪಡೆಯುವುದಿಲ್ಲ. ಫೋಮ್ ತಲೆಯ ಮೇಲೆ ಮಾರ್ಕರಿನಿಂದ ಮಚ್ಚೆಗಳ ಗಡಿ ಎಳೆದು, ಫೋಟೋ ಕಳಿಸಿ, ಇದು ಸರಿಯೇ ಎಂದು ಬರಹದಲ್ಲಿ ಉತ್ತರ ತರಿಸಿಕೊಂಡ ಮೇಲೆಯೇ ಬ್ಲೇಡು ಹಿಡಿಯುತ್ತಾರೆ.

ಬಣ್ಣದ ಜಗಳಕ್ಕೆ ಕೊನೆಯಿಲ್ಲ. ಗಿರಾಕಿಯ ಮೊಬೈಲಿನ ಪರದೆಯಲ್ಲಿ ಹೊಳೆಯುವ ನೀಲಿ ಬಟ್ಟೆಯಲ್ಲಿ ಇರುವುದೇ ಇಲ್ಲ. ಕೃತಕ ತುಪ್ಪಳದ ಬಹುಪಾಲು ಅಕ್ರಿಲಿಕ್ ನೂಲು. ಗಿರಣಿ ಯಾವ ಬಣ್ಣದಲ್ಲಿ ನೇಯುತ್ತದೋ ಅಷ್ಟರಲ್ಲೇ ಆರಿಸಿಕೊಳ್ಳಬೇಕು. ಹತ್ತಿಯ ಬಣ್ಣ ಅದಕ್ಕೆ ಹಿಡಿಯುವುದಿಲ್ಲ, ಕಾಯಿಸಿ ಬಣ್ಣ ಹಾಕಲು ಹೋದರೆ ಎಳೆ ಸುರುಟಿಕೊಳ್ಳುವ ಭಯ. ರಂಗಭೂಮಿ ಮತ್ತು ಮ್ಯಾಸ್ಕಾಟ್ ವೇಷಗಳಿಗೆ ಕೇಳಿದ ಬಣ್ಣದಲ್ಲೇ ತುಪ್ಪಳ ಮಾಡಿಕೊಡುವ ನ್ಯಾಷನಲ್ ಫೈಬರ್ ಟೆಕ್ನಾಲಜಿಯಂಥ ಕಂಪನಿಗಳು ಅಮೆರಿಕದಲ್ಲಿವೆ, ಆದರೆ ಅವುಗಳ ದರ ಎಲ್ಲರಿಗೂ ಎಟುಕುವುದಿಲ್ಲ. ಒಂದೇ ಹೆಸರಿನ ಬಣ್ಣವೂ ಈ ತಿಂಗಳ ಥಾನಿನಲ್ಲಿ ಒಂದು ಥರ, ಆರು ತಿಂಗಳ ಮೇಲಿನ ಥಾನಿನಲ್ಲಿ ಇನ್ನೊಂದು ಥರ ಇರಬಹುದು. ಇದಕ್ಕೆ ಇರುವ ಮದ್ದು ತೀರಾ ಸರಳ. ಅಂಗೈಯಗಲದ ತುಂಡುಗಳನ್ನು ಗಿರಾಕಿಗೆ ಅಂಚೆಯಲ್ಲಿ ಕಳಿಸಿ, ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಕೊಳ್ಳಿ ಎನ್ನುವುದು. ಅಂಚೆವೆಚ್ಚ ಉಳಿಸಲು ಹೋಗಿ ಫೋಟೋದಲ್ಲೇ ಮುಗಿಸಿದವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಆದರೆ ಬಣ್ಣದ ದೂರೆಲ್ಲ ಬಣ್ಣದ್ದೇ ಅಲ್ಲ. ತುಪ್ಪಳಕ್ಕೆ ಒಂದು ದಿಕ್ಕಿದೆ. ಬೆಕ್ಕಿನ ಬೆನ್ನು ಸವರಿದಂತೆ ಸವರಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಒಂದು ತೋಳಿನ ತುಂಡನ್ನು ತಲೆಕೆಳಗಾಗಿ ಕತ್ತರಿಸಿ ಹೊಲಿದರೆ ಒಂದೇ ಬಟ್ಟೆ ಎರಡು ಛಾಯೆಯಾಗಿ ಕಾಣುತ್ತದೆ. ಒಂದು ತೋಳು ಮಂಕಾಗಿದೆ ಎಂದು ಗಿರಾಕಿ ಬರೆದಾಗ, ಪರದೆಯ ಬಣ್ಣಕ್ಕೂ ಬಟ್ಟೆಗೂ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಉತ್ತರಿಸಿ ಕೈತೊಳೆದುಕೊಳ್ಳುವ ಮೊದಲು ತಯಾರಕರು ಆ ತೋಳಿನ ವಿಡಿಯೋ ಕೇಳಿ ನೋಡಬೇಕು. ದಿಕ್ಕು ತಪ್ಪಿದ್ದರೆ ಅದು ನೂರಕ್ಕೆ ನೂರು ಕೆಲಸದ ದೋಷ. ಮೂತಿಯ ಮೇಲೆ ಕ್ಲಿಪ್ಪರ್ ಅತಿಯಾಗಿ ಆಡಿಸಿ ಹಿಂಬದಿಯ ನೇಯ್ಗೆ ಕಾಣುವಂತೆ ಮಾಡಿದರೂ ಅಷ್ಟೇ. ಬೋಳಾದ ತುಪ್ಪಳ ಮತ್ತೆ ಬೆಳೆಯುವುದಿಲ್ಲ, ಆ ತುಂಡನ್ನೇ ಬದಲಿಸಬೇಕು.

ಅಳತೆಯ ವಿಷಯ ಬಂದಾಗ ಈ ಕಸುಬಿನವರು ಒಂದು ವಿಚಿತ್ರ ವಿದ್ಯೆ ಕಂಡುಕೊಂಡಿದ್ದಾರೆ. ಗಿರಾಕಿ ಹಳೆಯ ಬಟ್ಟೆಯನ್ನೋ ಬಣ್ಣ ಬಳಿಯುವವರು ತೊಡುವ ತೆಳು ಕವಚವನ್ನೋ ತೊಟ್ಟು ನಿಲ್ಲುತ್ತಾರೆ. ಗೆಳೆಯರು ಕುತ್ತಿಗೆಯಿಂದ ಕಣಕಾಲಿನವರೆಗೆ ಡಕ್ಟ್ ಟೇಪ್ ಸುತ್ತುತ್ತಾರೆ. ಆಮೇಲೆ ಹುಷಾರಾಗಿ ಕತ್ತರಿಸಿ ಬಿಚ್ಚಿದರೆ ಮೈಯಚ್ಚು ಸಿದ್ಧ. ನಮ್ಮಲ್ಲಿ ದರ್ಜಿಗೆ ಅಳತೆ ರವಿಕೆ ಕೊಟ್ಟಂತೆ ಇದನ್ನು ತಯಾರಕರಿಗೆ ಕಳಿಸಬೇಕು. ಅವರು ಒಳಗೆ ತುಂಬಿ ನಿಲ್ಲಿಸಿ, ಅದರ ಮೇಲೆಯೇ ವೇಷ ಹೊಲಿಯುತ್ತಾರೆ. ತೊಂದರೆ ಏನೆಂದರೆ, ಟೇಪು ಸುತ್ತಿದ ದಿನಕ್ಕೂ ವೇಷ ಬರುವ ದಿನಕ್ಕೂ ನಡುವೆ ಒಂದು ವರ್ಷ ದಾಟಿರುತ್ತದೆ. ಮೈ ಮಾತು ಕೇಳುತ್ತದೆಯೇ? ಹತ್ತು ಕಿಲೋ ಹೆಚ್ಚಾದವರೂ ಇಳಿದವರೂ ಜಿಪ್ ಹತ್ತುತ್ತಿಲ್ಲ, ಸೊಂಟ ಜೋತುಬಿದ್ದಿದೆ ಎಂದು ದೂರುತ್ತಾರೆ. ಅಚ್ಚಿಗೆ ಸರಿಯಾಗಿ ಹೊಲಿದಿದ್ದರೆ ತಯಾರಕರದ್ದು ತಪ್ಪಲ್ಲ, ತಿದ್ದುಪಡಿಗೆ ಕೂಲಿ ಕೇಳಬಹುದು. ಆದರೆ ಅಚ್ಚು ಬಂದು ವರ್ಷವಾದ ಮೇಲೆ ಕೆಲಸಕ್ಕೆ ಕೈಹಚ್ಚುವವರು ಬಟ್ಟೆ ಕತ್ತರಿಸುವ ಮುನ್ನ ಎದೆ, ಸೊಂಟದ ಅಳತೆಯನ್ನು ಇನ್ನೊಮ್ಮೆ ಕೇಳಿಕೊಳ್ಳದಿದ್ದರೆ ಅದು ಸೋಮಾರಿತನವೇ.

ತಲೆಯೊಳಗಿನ ಸಂಗತಿಗಳು ಫೋಟೋದಲ್ಲಿ ಸಿಗುವುದಿಲ್ಲ. ಬಹುಪಾಲು ಫರ್‌ಸೂಟ್‌ಗಳಲ್ಲಿ ಕಣ್ಣು ಎಂದರೆ ಬಣ್ಣ ಹಚ್ಚಿದ ಜಾಲರಿ. ತೊಟ್ಟವರು ಅದರ ತೂತುಗಳ ಮೂಲಕವೇ ಲೋಕ ನೋಡಬೇಕು. ಪಕ್ಕದ ನೋಟ, ಕಾಲಬುಡದ ನೋಟ ಎರಡೂ ಹೋಗುತ್ತವೆ. ಅದಕ್ಕೇ ಸಮಾವೇಶಗಳಲ್ಲಿ ಮೆಟ್ಟಿಲಿಳಿಯುವ ತೋಳದ ಕೈಹಿಡಿದು ಒಬ್ಬರು ನಡೆಯುವುದು. ಜೊತೆಗೆ ಸೆಕೆ. ಫೋಮು, ತುಪ್ಪಳ ಎರಡೂ ಶಾಖವನ್ನು ಹಿಡಿದಿಡುವ ವಸ್ತುಗಳು. ಬಾಯಿಯಲ್ಲಿ ಗಾಳಿಗೆ ದಾರಿ ಬಿಟ್ಟು ಪುಟ್ಟ ಫ್ಯಾನ್ ಕೂರಿಸಿದರೂ ಹೊತ್ತುಹೊತ್ತಿಗೆ ತಲೆ ತೆಗೆದು ನೀರು ಕುಡಿಯಲೇಬೇಕು. ಮೊದಲ ಸಲ ಮಾಡಿಸುವವರಿಗೆ ಇದು ಗೊತ್ತಿರುವುದಿಲ್ಲ. ಕಾಣುವುದಿಲ್ಲ, ಸೆಕೆ ತಡೆಯಲಾಗುವುದಿಲ್ಲ ಎಂಬ ಅವರ ದೂರು ಎಷ್ಟೋ ಬಾರಿ ವೇಷದ ದೋಷವಲ್ಲ, ವೇಷದ ಗುಣ. ಕನ್ನಡಕದ ಮಾತು ಬೇರೆ. ಆರ್ಡರ್ ಫಾರ್ಮಿನಲ್ಲಿ ಕನ್ನಡಕ ಹಾಕುತ್ತೀರಾ ಎಂಬ ಒಂದು ಸಾಲು ಇಲ್ಲದ್ದರಿಂದ, ಮುಗಿದ ತಲೆಯನ್ನು ಒಳಗಿನಿಂದ ಕೊರೆಯಬೇಕಾಗಿ ಬರುತ್ತದೆ.

ಹೀಗೆ ನೋಡಿದರೆ ತಪ್ಪುಗಳಲ್ಲಿ ಕೆಲವು ಕೈಯವು, ಕೆಲವು ಗಿರಾಕಿ ಕೊಟ್ಟ ಮಾಹಿತಿಯವು, ಕೆಲವು ವಸ್ತುವಿನ ಸ್ವಭಾವದವು. ಹೊಲಿಗೆ ಬಿಚ್ಚಿಕೊಂಡಿತು, ಅಂಟು ಬಿಟ್ಟಿತು, ಕಿವಿ ಸೊಟ್ಟಗಿದೆ ಎಂದರೆ ತಯಾರಕರು ತಮ್ಮ ಖರ್ಚಿನಲ್ಲೇ, ಹೋಗಿಬರುವ ಸಾಗಣೆಯನ್ನೂ ಹೊತ್ತು ಸರಿಮಾಡಿಕೊಡಬೇಕು. ಸಣ್ಣ ಬಿರುಕಾದರೆ ಅದೇ ಬಟ್ಟೆಯ ತುಂಡು, ದಾರ ಕಳಿಸಿ, ಊರಲ್ಲೇ ಹೊಲಿಸಿಕೊಳ್ಳಿ ಎಂದು ಕೂಲಿ ಕೊಡುವುದು ಇಬ್ಬರಿಗೂ ಲಾಭ. ಮನೆಯೊಳಗೆ ತೊಡಲೆಂದು ಮಾಡಿದ ಮೆತ್ತನೆ ಪಾದವನ್ನು ಡಾಂಬರು ರಸ್ತೆಯಲ್ಲಿ ಸವೆಸಿದವರಿಗೆ, ತಣ್ಣೀರಿನಲ್ಲಿ ಒಗೆದು ಗಾಳಿಗೆ ಆರಿಸಬೇಕಾದ ಮೈಯನ್ನು ಬಿಸಿ ಡ್ರೈಯರಿಗೆ ಹಾಕಿ ತುಪ್ಪಳ ಸುರುಟಿಸಿದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಇದೆಲ್ಲ ಕರಾರಿನಲ್ಲಿ ಮೊದಲೇ ಬರೆದಿರಬೇಕು. ಎಷ್ಟು ದಿನದವರೆಗೆ ಉಚಿತ ರಿಪೇರಿ, ಎಷ್ಟು ತಿದ್ದುಪಡಿ ಬೆಲೆಯಲ್ಲೇ ಸೇರಿದೆ, ಫೋಮ್ ಹಂತ ಒಪ್ಪಿದ ಮೇಲೆ ಮನಸ್ಸು ಬದಲಾದರೆ ಎಷ್ಟು ಕಟ್ಟಬೇಕು ಎಂಬುದೂ ಸೇರಿ.

ತಯಾರಕರ ಕಡೆಯ ಲೆಕ್ಕವನ್ನೂ ನೋಡಬೇಕು. ಇವರಲ್ಲಿ ಬಹಳ ಮಂದಿ ಮನೆಯ ಒಂದು ಕೋಣೆಯಲ್ಲಿ ಒಬ್ಬರೇ ಕೂತು, ತಾವೇ ಕಲಿತು ಮಾಡುವವರು. ಪೂರ್ತಿ ವೇಷಕ್ಕೆ ಇನ್ನೂರು ಗಂಟೆ ಹಿಡಿಯುವುದು ಅಪರೂಪವಲ್ಲ. ಉದಾಹರಣೆಗೆ, ಬೆಲೆ 4,000 ಡಾಲರ್, ಸಾಮಗ್ರಿ ಸಾಗಣೆ ಕಳೆದು ಉಳಿದದ್ದು 3,000 ಎಂದುಕೊಳ್ಳಿ. ಗಂಟೆಗೆ 15 ಡಾಲರ್ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ 2024ರ ಕನಿಷ್ಠ ಕೂಲಿಯೇ 16 ಡಾಲರ್. ಇದರ ಮೇಲೆ ತಲೆಯನ್ನು ಹೊಸದಾಗಿ ಮಾಡಲು ನಲವತ್ತು ಗಂಟೆ ಹೋದರೆ ಕೂಲಿ ಹನ್ನೆರಡೂವರೆಗೆ ಇಳಿಯಿತು. ಅಗ್ಗದ ದರ ಹೇಳಿ ಹೆಸರು ಮಾಡಲು ಹೊರಟವರ ಬಳಿ ತಪ್ಪು ತಿದ್ದಲು ಬೇಕಾದ ಹಣವೇ ಇರುವುದಿಲ್ಲ. ಗಿರಾಕಿಗೆ ಕಡಿಮೆ ಬೆಲೆ ಎಂದು ಕಂಡದ್ದು ನಿಜಕ್ಕೂ ರಿಪೇರಿಯ ಪಾಲು ಕಳೆದ ಬೆಲೆ.

ಅಲ್ಲಿಂದಲೇ ದೊಡ್ಡ ಅನಾಹುತ ಶುರುವಾಗುತ್ತದೆ. ಬಾಡಿಗೆ ಕಟ್ಟಲು ಹಣ ಸಾಲದಾಗ ಹೊಸ ಸ್ಲಾಟು, ಅಂದರೆ ಸರದಿಯಲ್ಲಿ ಹೊಸ ಜಾಗ, ತೆರೆದು ಹೊಸ ಮುಂಗಡ ತೆಗೆದುಕೊಳ್ಳುತ್ತಾರೆ. ಆ ಹಣದಲ್ಲಿ ಹಳೆಯವರ ಬಟ್ಟೆ ಬರುತ್ತದೆ. ಹೊಸಬರ ಕೆಲಸಕ್ಕೆ ಇನ್ನೂ ಹೊಸಬರ ಮುಂಗಡ ಬೇಕು. ಸರದಿ ಉದ್ದವಾಗುತ್ತದೆ, ಉತ್ತರಗಳು ಚುಟುಕಾಗುತ್ತವೆ, ಕೊನೆಗೆ ನಿಂತುಹೋಗುತ್ತವೆ. ಈ ಲೋಕದ ಕಹಿ ಪ್ರಕರಣಗಳಲ್ಲಿ ಸೊಟ್ಟ ಕಿವಿಗಿಂತ ಹೆಚ್ಚಾಗಿ ಕೇಳಿಬರುವುದು ಈ ಮೌನ. ಆರು ತಿಂಗಳು ತಡ ಎಂದು ತಿಳಿಸಿದವರನ್ನು ಗಿರಾಕಿಗಳು ಸಹಿಸುತ್ತಾರೆ, ಎರಡು ತಿಂಗಳು ಸುಮ್ಮನಿದ್ದವರನ್ನು ಸಹಿಸುವುದಿಲ್ಲ. ಟ್ರೆಲ್ಲೋ ಎಂಬ ಆನ್‌ಲೈನ್ ಹಲಗೆಯಲ್ಲಿ ಯಾರ ಕೆಲಸ ಎಲ್ಲಿಗೆ ಬಂತೆಂದು ಎಲ್ಲರಿಗೂ ಕಾಣುವಂತೆ ಇಡುವ ಪದ್ಧತಿ ಈಗ ಹರಡಿದೆ. ಒಳ್ಳೆಯದೇ. ಆದರೆ ಅದನ್ನು ವಾರಕ್ಕೊಮ್ಮೆಯಾದರೂ ಸರಿಪಡಿಸುತ್ತಿರಬೇಕು, ಇಲ್ಲವಾದರೆ ಅದೂ ಸುಳ್ಳಿನ ಹಲಗೆಯೇ.

ಹಣ ವಾಪಸ್ ಬರುವ ದಾರಿಗಳಿವೆ, ಆದರೆ ಅವು ಈ ಕಸುಬಿನ ನಿಧಾನಕ್ಕೆ ಹೊಂದುವುದಿಲ್ಲ. ಪೇಪಾಲ್ ಮೂಲಕ ಕೊಟ್ಟ ಹಣದ ಬಗ್ಗೆ ದೂರು ಎತ್ತಲು ಸಿಗುವುದು ಪಾವತಿಯ ದಿನದಿಂದ 180 ದಿನ. ವೇಷ ಬರುವುದೋ ವರ್ಷ ಕಳೆದ ಮೇಲೆ. ಮುಂಗಡ ಕೊಟ್ಟವರ ರಕ್ಷಣೆ ಫೋಮ್ ಕೊರೆಯುವ ಮೊದಲೇ ಮುಗಿದಿರುತ್ತದೆ. ಶುಲ್ಕ ಉಳಿಸಲು ಗೆಳೆಯರಿಗೆ ಕಳಿಸುವ ಬಗೆಯಲ್ಲಿ ಕೊಟ್ಟರಂತೂ ಆ ರಕ್ಷಣೆ ಮೊದಲಿನಿಂದಲೂ ಇಲ್ಲ, ಹಾಗೆ ಕೊಡಿ ಎಂದು ಒತ್ತಾಯಿಸುವ ತಯಾರಕರಿಂದ ದೂರ ಉಳಿಯುವುದೇ ಲೇಸು. ಕಾನೂನಿನ ನೆರವು ದೇಶದಿಂದ ದೇಶಕ್ಕೆ ಬೇರೆ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸುವ ಹಕ್ಕಿದೆ. ಆದರೆ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವು ಗಿರಾಕಿಯ ಕೋರಿಕೆಯಂತೆ ಮಾಡಿದ ವಸ್ತುಗಳನ್ನು ಅದರಿಂದ ಹೊರಗಿಟ್ಟಿದೆ. ಬೇರೆಯವರ ಗುಲಾಬಿ ತೋಳವನ್ನು ಇನ್ನಾರು ಕೊಳ್ಳುತ್ತಾರೆ? ಮನಸ್ಸು ಬದಲಾಯಿತು ಎಂದರೆ ವಾಪಸ್ ಇಲ್ಲ ಎಂಬುದು ನ್ಯಾಯವೇ. ಆದರೆ ಕೆಲಸವೇ ಕೆಟ್ಟಿದ್ದರೆ ಆ ನೆಪ ನಡೆಯದು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ವಸ್ತು ಹೇಳಿದಂತೆ, ತೃಪ್ತಿಕರ ಗುಣಮಟ್ಟದಲ್ಲಿ ಇರಲೇಬೇಕು. ದೋಷವಿದ್ದರೆ 30 ದಿನದೊಳಗೆ ತಿರಸ್ಕರಿಸಬಹುದು. ಕರಾರಿನ ಕೊನೆಯಲ್ಲಿ ದಪ್ಪಕ್ಷರದಲ್ಲಿ ಹಣ ವಾಪಸ್ ಇಲ್ಲ ಎಂದು ಬರೆದ ಮಾತ್ರಕ್ಕೆ ಕಾನೂನು ಬಾಯಿ ಮುಚ್ಚಿಕೊಳ್ಳುವುದಿಲ್ಲ.

ಹಾಗೆಂದು ಎಲ್ಲ ಅಸಮಾಧಾನಕ್ಕೂ ಪೂರ್ತಿ ಹಣ ಕೇಳುವುದು ಸರಿಯೂ ಅಲ್ಲ. ಕೆಲಸ ಅರ್ಧವಾದಾಗ ಬೇಡವೆಂದವರಿಗೆ ತಂದ ಸಾಮಗ್ರಿ, ಆದ ಕೂಲಿ ಕಳೆದು ಉಳಿದದ್ದನ್ನು ಕೊಡುವ ತಯಾರಕರು ತಪ್ಪು ಮಾಡಿದಂತಲ್ಲ. ತಯಾರಕರ ಶೈಲಿ ಗೊತ್ತಿದ್ದೂ ಬೇರೆ ಶೈಲಿ ನಿರೀಕ್ಷಿಸುವುದೂ ಗಿರಾಕಿಯದ್ದೇ ಎಡವಟ್ಟು. ಗುಂಡು ಮುಖ, ದೊಡ್ಡ ಕಣ್ಣಿನ ಕಾರ್ಟೂನ್ ತಲೆಗಳನ್ನೇ ಮಾಡುತ್ತ ಬಂದವರ ಹತ್ತಿರ ಹೋಗಿ ಕಾಡಿನ ತೋಳವನ್ನೇ ಹೋಲಬೇಕು ಎಂದರೆ ಅವರು ಪ್ರಯತ್ನಿಸಬಹುದು, ಆದರೆ ಕೈ ತನ್ನ ಅಭ್ಯಾಸ ಬಿಡುವುದಿಲ್ಲ. ಅವರ ಹಿಂದಿನ ಹತ್ತು ಕೆಲಸ ನೋಡಿ ಅದರಲ್ಲಿ ಆರು ಇಷ್ಟವಾದರೆ ಮಾತ್ರ ಮುಂದುವರಿಯುವುದು ಲೇಸು. ತಕರಾರು ಎದ್ದ ದಿನವೇ ತಯಾರಕರ ಹೆಸರು ಹಿಡಿದು ಊರಿಗೆಲ್ಲ ಸಾರುವ ಚಾಳಿಯೂ ಬೆಳೆದಿದೆ. ಎರಡು ಸಲ ಬರಹದಲ್ಲಿ ಕೇಳಿ, ಗಡುವು ಕೊಟ್ಟು, ಉತ್ತರ ಬಾರದಿದ್ದಾಗ ಬೇರೆಯವರನ್ನು ಎಚ್ಚರಿಸುವುದು ನ್ಯಾಯ. ಅದಕ್ಕೂ ಮೊದಲು ಮಾಡಿದರೆ, ಸರಿಮಾಡಿಕೊಡುವ ಮನಸ್ಸಿದ್ದವರೂ ಬಾಗಿಲು ಹಾಕಿಕೊಳ್ಳುತ್ತಾರೆ.

ಮಾಡಿಸಲು ಹೊರಟವರು ಇಷ್ಟು ನೋಡಿಕೊಳ್ಳಿ. ಹಣವನ್ನು ಒಂದೇ ಸಲ ಕೊಡದೆ ಫೋಮ್, ತುಪ್ಪಳ, ಸಾಗಣೆ ಎಂಬ ಹಂತಗಳಿಗೆ ಕಂತು ಮಾಡಿ, ಪ್ರತಿ ಹಂತದ ಫೋಟೋ ನೋಡಿ ಒಪ್ಪಿದ ಮೇಲೆ ಮುಂದಿನ ಕಂತು ಕೊಡಿ. ಪೇಪಾಲ್‌ನಲ್ಲಿ ಕೊಡುವುದಾದರೆ ಪ್ರತಿ ಕಂತಿನ 180ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪೆಟ್ಟಿಗೆ ಬಂದ ದಿನ ತೊಡುವ ಮೊದಲೇ ಹಗಲು ಬೆಳಕಿನಲ್ಲಿ ಒಳಗೂ ಹೊರಗೂ ಫೋಟೋ ತೆಗೆದಿಡಿ. ತೊಟ್ಟು ಬೆವರಿದ ಮೇಲೆ ಸಿಕ್ಕ ದೋಷ ಮೊದಲಿನದ್ದೋ ಆಮೇಲಿನದ್ದೋ ಎಂದು ಯಾರೂ ಹೇಳಲಾರರು.